ರಸ್ತೆ ಬಂದ ಮೇಲೆ ಊರು ಉಳೀತಾ, ಖಾಲಿ ಆಯ್ತಾ? ಸೂಳೆಕೆರೆ ಸೀಮೆಯ ಒಂದು ಲೆಕ್ಕ

ನಮ್ಮ ಕಡೆ ಯಾವ ಗ್ರಾಮಸಭೆ ಮಾಡಿದ್ರೂ ಮೊದಲ ಬೇಡಿಕೆ ರಸ್ತೆ. ಅದೇ ಸಭೆ ಮುಗಿದು ಕಟ್ಟೆ ಮೇಲೆ ಕೂತಾಗ ಹಿರಿಯರು ಹೇಳೋ ಮಾತು ಬೇರೆ: "ಟಾರು ಬಿತ್ತು ನೋಡು, ಆವಾಗಿಂದನೇ ಹುಡುಗರು ಊರು ಬಿಟ್ರು." ರಸ್ತೆ ಬೇಕು ಅನ್ನೋರೂ ಅವರೇ, ರಸ್ತೆಯಿಂದ ಊರು ಹೋಯ್ತು ಅನ್ನೋರೂ ಅವರೇ. ಎರಡರಲ್ಲಿ ಯಾವುದು ನಿಜ ಅಂತ ತಿಳಿಬೇಕಾದ್ರೆ ನಮ್ಮ ಸೀಮೆಯದೇ ಹಳೇ ಕಥೆ ಸ್ವಲ್ಪ ಕೆದಕಬೇಕು.

ಶುರು ಮಾಡೋದು ಕೆರೆಯಿಂದಲೇ. ಹರಿದ್ರಾ ಹೊಳೆ ಎರಡು ಗುಡ್ಡದ ನಡುವೆ ನುಗ್ಗಿ ಹೋಗೋ ಜಾಗದಲ್ಲಿ ಅಡ್ಡಲಾಗಿ ಏರಿ ಹಾಕಿ ಸೂಳೆಕೆರೆ ಅಥವಾ ಶಾಂತಿಸಾಗರ ಕಟ್ಟಿದ್ದು 11–12ನೇ ಶತಮಾನದಲ್ಲಿ ಅಂತಾರೆ. ಸುಮಾರು 330 ಚದರ ಕಿಲೋಮೀಟರ್ ಜಲಾನಯನ ಪ್ರದೇಶದ ನೀರು ಬಂದು ಸೇರುತ್ತೆ. ಸಿದ್ಧ ನಾಲೆ, ಬಸವ ನಾಲೆ ಅಂತ ಎರಡು ನಾಲೆ. ಶಾಂತವ್ವ ಕಟ್ಟಿಸಿದಳು, ಸ್ವರ್ಗಾವತಿ ಅನ್ನೋ ಪಟ್ಟಣವೇ ಈ ನೀರಲ್ಲಿ ಮುಳುಗಿತು ಅನ್ನೋದು ಜನ ಹೇಳ್ಕೊಂಡು ಬಂದ ಕಥೆ. ಕಥೆ ಎಷ್ಟು ನಿಜವೋ ಬಿಡಿ, ಅದರಲ್ಲಿ ಒಂದು ತಿಳುವಳಿಕೆ ಇದೆ. ಆ ಕಾಲದಲ್ಲಿ ಊರು ಎಲ್ಲಿರಬೇಕು, ಎಲ್ಲಿ ಇರಬಾರದು ಅಂತ ತೀರ್ಮಾನ ಮಾಡ್ತಿದ್ದಿದ್ದು ನೀರು, ದಾರಿ ಅಲ್ಲ. ಕೆರೆ ಕೆಳಗೆ ಗದ್ದೆ ಇತ್ತು, ಗದ್ದೆ ಇದ್ದಲ್ಲಿ ಜನ ಇದ್ರು.

ಎತ್ತಿನ ಗಾಡಿ ದಿನಕ್ಕೆ ಹೋಗೋದು ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್. ಹಾಗಾಗಿ ಸಂತೇಬೆನ್ನೂರು, ಬಸವಾಪಟ್ಟಣ, ಚನ್ನಗಿರಿ ಇವೇ ನಮ್ಮವರ ಪೇಟೆ. ದಾವಣಗೆರೆ ಕೆರೆಯಿಂದ ಹತ್ತತ್ರ ನಲವತ್ತು ಕಿಲೋಮೀಟರ್. ಅಂದ್ರೆ ಗಾಡಿ ಕಟ್ಟಿದ್ರೆ ದಾರೀಲಿ ಒಂದು ರಾತ್ರಿ ತಂಗಲೇಬೇಕು. ದಿನಾ ಹೋಗಿ ಬರೋ ಮಾತೇ ಇಲ್ಲ. ಹೋದೋನು ಅಲ್ಲೇ ಉಳಿಬೇಕು, ಇಲ್ಲ ಹೋಗಲೇಬಾರದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗಾಡಿ ಹೋಗದ ಕಡೆಗೆಲ್ಲಾ ದವಸ, ಉಪ್ಪು ಮುಟ್ಟಿಸ್ತಿದ್ದವರು ಲಂಬಾಣಿಗಳು. ಎತ್ತಿನ ಬೆನ್ನ ಮೇಲೆ ಹೇರು ಹಾಕಿ ಸಾವಿರಾರು ಎತ್ತಿನ ಹಿಂಡು ಹೊಡ್ಕೊಂಡು ಹೋಗೋ ವ್ಯಾಪಾರ ಅವರದು. ಮೈಸೂರು ಸಂಸ್ಥಾನದಲ್ಲಿ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ್ ಆಡಳಿತ ಇತ್ತು. ಆಗ ಗಾಡಿ ರಸ್ತೆ ಬಂದ್ವು, ಆಮೇಲೆ ರೈಲು. ಹೇರೆತ್ತಿನ ವ್ಯಾಪಾರಕ್ಕೆ ಕುತ್ತು ಬಂತು. ತಿರುಗಾಡ್ತಿದ್ದ ಜನ ಕಾಡಂಚಲ್ಲಿ, ಗುಡ್ಡದ ಬುಡದಲ್ಲಿ ತಾಂಡಾ ಕಟ್ಟಿ ನಿಂತರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ಜಯಂತಿಗೆ ಈಗಲೂ ಎಲ್ಲೆಲ್ಲಿಂದಲೋ ಬಂಜಾರರು ನಡ್ಕೊಂಡು ಬರ್ತಾರೆ. ನಮ್ಮ ಸೀಮೆಯಲ್ಲಿ ರಸ್ತೆಯ ಮೊದಲ ಪರಿಣಾಮಗಳಲ್ಲಿ ಇದೂ ಒಂದು. ರಸ್ತೆ ಆಗ ಜನರನ್ನ ಹೊರಗೆ ಕಳಿಸಲಿಲ್ಲ, ತಿರುಗೋರನ್ನ ಒಂದು ಕಡೆ ಕೂರಿಸಿತು.

ರಸ್ತೆ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಧಾತು ಸಂವತ್ಸರದ ಬರ ಸಾಕ್ಷಿ. 1876ರಿಂದ 78ರವರೆಗೆ ನಡೆದ ಆ ಬರದಲ್ಲಿ, ಹೊರಗೆ ಕಾಳು ಇದ್ರೂ ಒಳನಾಡಿಗೆ ಮುಟ್ಟಿಸೋದೇ ಕಷ್ಟ ಆಯ್ತು. ಹೊರೆ ಎಳೆಯೋ ಎತ್ತುಗಳೇ ಮೇವಿಲ್ಲದೆ ಸತ್ತಿದ್ವು. 1871ರಲ್ಲಿ ಮೈಸೂರು ಸಂಸ್ಥಾನದ ಜನ 50.55 ಲಕ್ಷ. ಹತ್ತು ವರ್ಷ ಬಿಟ್ಟು ಎಣಿಸಿದಾಗ 41.86 ಲಕ್ಷ. ಹೆಚ್ಚುಕಮ್ಮಿ ಆರರಲ್ಲಿ ಒಬ್ಬರು ಕಮ್ಮಿ. ರಸ್ತೆಯೇ ಬೇಡ ಅನ್ನೋರು ಈ ಎರಡು ಅಂಕಿ ಒಮ್ಮೆ ನೋಡಬೇಕು.

1880ರ ದಶಕದ ಕೊನೆಗೆ ರೈಲು ದಾವಣಗೆರೆ ದಾಟಿ ಹರಿಹರಕ್ಕೆ ಬಂತು. ಚನ್ನಗಿರಿ, ಹೊನ್ನಾಳಿ ಪೇಟೆಗೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಪೂನಾ–ಬೆಂಗಳೂರು ರಸ್ತೆಯೂ ದಾವಣಗೆರೆ ಮೇಲೇ ಹೋಯ್ತು. ರೈಲು ಮತ್ತು ಪಿ.ಬಿ. ರಸ್ತೆ ಒಂದೇ ಕಡೆ ಸೇರಿದ್ದಕ್ಕೆ ದಾವಣಗೆರೆ ಹತ್ತಿಯ ಪೇಟೆ ಆಯ್ತು, 1930ರ ದಶಕದಿಂದ ಬಟ್ಟೆ ಮಿಲ್ಲುಗಳು ಎದ್ದವು. ಇನ್ನೊಂದು ಕಡೆ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆ. ಎರಡು ಪಟ್ಟಣದ ನಡುವೆ ನಮ್ಮ ಹಳ್ಳಿಗಳು.

ಆದ್ರೂ ಜನ ಪೂರ್ತಿ ಖಾಲಿ ಆಗಲಿಲ್ಲ. ಯಾಕಂದ್ರೆ ಭದ್ರಾ ನಾಲೆ ಬಂತು. ಲಕ್ಕವಳ್ಳಿ ಅಣೆಕಟ್ಟೆಯ ನೀರು 1960ರ ದಶಕದಲ್ಲಿ ಹರಿದ ಮೇಲೆ ಜೋಳ, ರಾಗಿ ಬೆಳೀತಿದ್ದ ಹೊಲ ಭತ್ತದ ಗದ್ದೆ ಆದ್ವು. ಆಂಧ್ರದ ಕಡೆಯಿಂದ ರೈತರು ಬಂದು ಭೂಮಿ ಕೊಂಡು ಕ್ಯಾಂಪ್ ಮಾಡಿಕೊಂಡರು. ನಾಲೆ ಏರಿ ಮೇಲಿನ ದಾರಿಯೇ ಎಷ್ಟೋ ಊರಿಗೆ ರಸ್ತೆ ಆಯ್ತು. ಆ ಹೊತ್ತಲ್ಲಿ ನೀರೂ ದಾರಿಯೂ ಜೊತೆಗೇ ಬಂದಿದ್ದಕ್ಕೆ ಜನ ಬಂದರು.

ಈಗ 1997ಕ್ಕೆ ಬನ್ನಿ. ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯ್ತು. ಅಲ್ಲೀತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ. ಜಗಳೂರು ಚಿತ್ರದುರ್ಗ ಜಿಲ್ಲೆ. ಡಿ.ಸಿ. ಆಫೀಸು, ಜಿಲ್ಲಾ ಕೋರ್ಟು, ಜಿಲ್ಲಾಸ್ಪತ್ರೆ ಎಲ್ಲದಕ್ಕೂ ನಾವು ಮುಖ ತಿರುಗಿಸಬೇಕಾಯ್ತು. ರಸ್ತೆ ಅದೇ, ಓಡಾಡೋ ದಿಕ್ಕು ಬದಲಾಯ್ತು. ದಾವಣಗೆರೆಯಲ್ಲಿ 1965ರಿಂದಲೇ ಮೆಡಿಕಲ್ ಕಾಲೇಜು ಇತ್ತು, 2009ರಲ್ಲಿ ವಿಶ್ವವಿದ್ಯಾಲಯವೂ ಆಯ್ತು. ಮಿಲ್ಲು ಮುಚ್ಚಿದ ಮೇಲೂ ಆ ಊರು ಬೆಳೀತಾ ಹೋಗಿದ್ದು ಹೆಚ್ಚಾಗಿ ಶಾಲೆ, ಕಾಲೇಜು, ಆಸ್ಪತ್ರೆ, ವ್ಯಾಪಾರದಿಂದ.

ಜನಗಣತಿ ಏನು ಹೇಳುತ್ತೆ? 2001ರಲ್ಲಿ ಜಿಲ್ಲೆಯ ಜನ 17.91 ಲಕ್ಷ, 2011ರಲ್ಲಿ 19.45 ಲಕ್ಷ. ಹೆಚ್ಚಿದ್ದು ಒಂದೂವರೆ ಲಕ್ಷದ ಚೂರು ಮೇಲೆ. ದಾವಣಗೆರೆ ನಗರ ಒಂದೇ 3.64 ಲಕ್ಷದಿಂದ 4.35 ಲಕ್ಷಕ್ಕೆ ಏರಿತು, ಅಂದ್ರೆ 71 ಸಾವಿರ. ಉಳಿದ ಇಡೀ ಜಿಲ್ಲೆ ಹತ್ತು ವರ್ಷದಲ್ಲಿ ಬೆಳೆದಿದ್ದು ನೂರಕ್ಕೆ ಆರೂ ಇಲ್ಲ. ರಾಜ್ಯ ಬೆಳೆದಿದ್ದು ನೂರಕ್ಕೆ 15.6. ಹುಟ್ಟು ಸಾವಿನ ವ್ಯತ್ಯಾಸದಲ್ಲೇ ನಮ್ಮ ಹಳ್ಳಿಗಳು ಇದಕ್ಕಿಂತ ಜಾಸ್ತಿ ಬೆಳೀಬೇಕಿತ್ತು. ಆ ಉಳಿದ ಜನ ಹೊರಗಿದ್ದಾರೆ ಅಂತಲೇ ಅರ್ಥ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಆ ಹತ್ತು ವರ್ಷದಲ್ಲಿ ಜನ ಕಮ್ಮಿಯೇ ಆದ್ರು, 11.41 ಲಕ್ಷದಿಂದ 11.38 ಲಕ್ಷಕ್ಕೆ.

ಹಾಗಾದ್ರೆ ತಪ್ಪು ರಸ್ತೆಯದಾ? ಭದ್ರಾವತಿ ನೋಡಿ. ರೈಲು ಇದೆ, ಹೆದ್ದಾರಿ ಇದೆ. ಆದ್ರೂ ಅದೇ ಹತ್ತು ವರ್ಷದಲ್ಲಿ ಪಟ್ಟಣದ ಜನ 1.60 ಲಕ್ಷದಿಂದ 1.51 ಲಕ್ಷದ ಆಸುಪಾಸಿಗೆ ಇಳಿದರು. ಕಾರ್ಖಾನೆಯ ಕೆಲಸ ಕರಗಿತು, ಜನರೂ ಕರಗಿದರು. ರಸ್ತೆ ತಾನಾಗಿ ಯಾರನ್ನೂ ಎಳೆಯಲ್ಲ, ತಳ್ಳಲ್ಲ. ಈ ತುದೀಲಿ ಏನಿದೆ, ಆ ತುದೀಲಿ ಏನಿದೆ ಅನ್ನೋದೇ ಎಳೆಯೋದು.

2000ದ ಡಿಸೆಂಬರ್‌ನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯ್ತಲ್ಲ, ಅದರ ರಸ್ತೆಗಳ ಬಗ್ಗೆ ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಅನ್ನೋ ಅರ್ಥಶಾಸ್ತ್ರಜ್ಞರು ದೇಶದ ಸಾವಿರಾರು ಹಳ್ಳಿಗಳ ಲೆಕ್ಕ ಹಾಕಿ 2020ರಲ್ಲಿ ಪ್ರಕಟಿಸಿದ್ರು. ಅವರಿಗೆ ಕಂಡಿದ್ದು: ರಸ್ತೆ ಬಂದ ಊರಲ್ಲಿ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗೋರು ಹೆಚ್ಚಾದ್ರು, ಆದ್ರೆ ಬೇಸಾಯವಾಗಲಿ ಆದಾಯವಾಗಲಿ ದೊಡ್ಡದಾಗಿ ಸುಧಾರಿಸಲಿಲ್ಲ. ನಮ್ಮ ಕಣ್ಣಿಗೂ ಹಾಗೇ ಕಾಣುತ್ತೆ, ಆದ್ರೆ ನಮ್ಮಲ್ಲಿ ಎರಡು ಥರ ಇದೆ.

ನಾಲೆ ಕೆಳಗೆ, ಅಡಿಕೆ ತೋಟ ಇರೋ ಊರಲ್ಲಿ ರಸ್ತೆ ಅಂದ್ರೆ ಬೆಳಗ್ಗೆ ಹೋಗಿ ಸಂಜೆ ಬರೋ ದಾರಿ. ಹಸಿ ಅಡಿಕೆ ಗಾಡಿಗೆ ಹೇರಿ ಕಳಿಸಿದ್ರೆ ಆಯ್ತು, ಮಗ ದಾವಣಗೆರೆಲಿ ಕೆಲಸ ಮಾಡಿ ರಾತ್ರಿ ಊಟಕ್ಕೆ ಮನೇಲಿ. ಗಾಡಿ ಕಾಲದಲ್ಲಿ ಆಗದಿದ್ದ ಮಾತು ಇದು. ಜಗಳೂರಿನಂಥ ಬಯಲು ಸೀಮೆಯಲ್ಲಿ, ಬೋರು ಬತ್ತಿದ ಊರಲ್ಲಿ, ಅದೇ ಅಳತೆಯ ರಸ್ತೆ ಬೆಂಗಳೂರಿನ ರಾತ್ರಿ ಬಸ್ಸಿಗೆ ಹತ್ತಿಸೋ ದಾರಿ. ತಾಂಡಾದ ಜನ ಕಾಫಿ ಸೀಮೆಗೆ, ಕಬ್ಬು ಕಡಿಯೋಕೆ ಗುಳೆ ಹೋಗೋದೂ ಅದೇ ರಸ್ತೇಲಿ. ಜಗಳೂರಿನವರು 57 ಕೆರೆ ತುಂಬಿಸೋ ಯೋಜನೆಗೆ ಅಷ್ಟು ವರ್ಷ ಹಟ ಹಿಡಿದಿದ್ದು ಸುಮ್ಮನೆ ಅಲ್ಲ. ಅವರಿಗೆ ಗೊತ್ತಿತ್ತು, ನೀರಿಲ್ಲದೆ ಬರೀ ರಸ್ತೆ ಬಂದ್ರೆ ಏನಾಗುತ್ತೆ ಅಂತ.

ಇವೆರಡರ ನಡುವೆ ಇನ್ನೊಂದು ಥರ ಹೆಚ್ಚಾಗ್ತಿದೆ: ಅರ್ಧ ಹೋದವರು. ಮಕ್ಕಳ ಓದಿಗೆ ದಾವಣಗೆರೆಲಿ ಬಾಡಿಗೆ ಮನೆ, ತಾಯಿ ಮಕ್ಕಳ ಜೊತೆ ಅಲ್ಲಿ, ಅಪ್ಪ ತೋಟ ನೋಡ್ಕೊಂಡು ಇಲ್ಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದ್ರೆ ನಮ್ಮ ಕಡೆ ಓಡೋದು ಬಹಳಷ್ಟು ಖಾಸಗಿ ಬಸ್ಸು. ಸರ್ಕಾರಿ ಬಸ್ಸು ಇರೋ ಊರ ಹೆಣ್ಣುಮಗಳು ಕಾಲೇಜಿಗೆ ಮನೆಯಿಂದಲೇ ಹೋಗಿ ಬರ್ತಾಳೆ. ಇಲ್ಲದ ಊರವಳು ಪೇಟೇಲಿ ರೂಮು ಮಾಡಬೇಕು, ಇಲ್ಲ ಓದು ಬಿಡಬೇಕು.

ಇದೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, 2021ರಲ್ಲಿ ಆಗಬೇಕಿದ್ದ ಜನಗಣತಿ ಈಗ 2027ರ ಮಾರ್ಚ್ 1ನ್ನ ಲೆಕ್ಕದ ದಿನ ಮಾಡ್ಕೊಂಡು ನಡೀತಿದೆ. ನಮ್ಮ ಪಂಚಾಯತ್ ಕಾಯ್ದೆ ಪ್ರಕಾರ 400 ಜನಕ್ಕೆ ಒಬ್ಬ ಸದಸ್ಯ. ಅನುದಾನ ಹಂಚೋದರಲ್ಲೂ ಜನಸಂಖ್ಯೆ ದೊಡ್ಡ ಅಂಶ. ಜನ ಕಮ್ಮಿ ಅಂತ ಬರೆದ ಊರಿನ ಧ್ವನಿಯೂ ಕಮ್ಮಿ. ಸುಳ್ಳು ಬರೆಸಿ ಅಂತ ನಾನು ಹೇಳ್ತಿಲ್ಲ. ವರ್ಷದ ಬಹುಪಾಲು ಇಲ್ಲೇ ಇರೋರು, ಇಲ್ಲೇ ಉಂಡು ಮಲಗೋರು, ಪೇಟೆ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿ ಬರೆಸಬೇಡಿ ಅಷ್ಟೇ.

ಮುಂದಿನ ಗ್ರಾಮಸಭೆಲಿ ರಸ್ತೆ ಕೇಳೋಣ, ಬೇಡ ಅನ್ನಲ್ಲ. ಅದರ ಜೊತೆಗೆ ರಾತ್ರಿ ಒಂಬತ್ತರ ವಾಪಸ್ ಬಸ್ಸೂ ಕೇಳೋಣ, ಶಾಲೆಗೆ ಮೇಷ್ಟ್ರನ್ನೂ, ಕೆರೆಗೆ ನೀರನ್ನೂ ಕೇಳೋಣ. ಹೋಗೋ ಬಸ್ಸು ಎಲ್ಲಾ ಊರಿಗೂ ಬೇಗ ಬರುತ್ತೆ, ವಾಪಸ್ ಬರೋ ಬಸ್ಸಿಗೇ ಹೋರಾಡಬೇಕು.

ನಿಮ್ಮೂರಿಗೆ ಟಾರು ಬಿದ್ದ ವರ್ಷ, ಮೊದಲ ಬಸ್ಸು ಬಂದ ವರ್ಷ, ಆಗ ಶಾಲೇಲಿ ಎಷ್ಟು ಮಕ್ಕಳಿದ್ರು, ಈಗ ಎಷ್ಟಿದಾರೆ, ಊರಿಗೆ ನೀರಿನ ಆಸರೆ ಯಾವುದು ಅಂತ ಹಿರಿಯರನ್ನ ಕೇಳಿ ಬರೆದು ಕಳಿಸಿ. ಒಂದು ಇಪ್ಪತ್ತು ಊರಿನ ಲೆಕ್ಕ ಸೇರಿದ್ರೆ ಅಕ್ಕಪಕ್ಕ ಇಟ್ಟು ನೋಡೋಣ.