ಸಾರ್ವಜನಿಕ ಪಕ್ಷಿ ಗಣತಿ

ಗೊತ್ತುಪಡಿಸಿದ ದಿನಗಳಲ್ಲಿ ಸಾಮಾನ್ಯ ಜನರು ತಮ್ಮ ಊರಿನ, ಕೆರೆಯ, ಹಿತ್ತಿಲಿನ ಹಕ್ಕಿಗಳನ್ನು ಗುರುತಿಸಿ, ಎಣಿಸಿ, ಆ ಪಟ್ಟಿಗಳನ್ನು ಒಂದೆಡೆ ಕೂಡಿಸುವ ಕಾರ್ಯಕ್ರಮ. ವಿಜ್ಞಾನ ಓದಿದವರೂ ಓದದವರೂ ಸಮನಾಗಿ ಕೈಜೋಡಿಸುವ ಚಟುವಟಿಕೆಗಳಲ್ಲಿ ಇದು ಬಹಳ ಹಳೆಯದು.

ಇದರ ಹುಟ್ಟು ಬೇಟೆಯ ನೆರಳಿನಲ್ಲಿ ಆಯಿತು. 19ನೇ ಶತಮಾನದ ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಜನ ತಂಡ ಕಟ್ಟಿಕೊಂಡು ಬಂದೂಕು ಹಿಡಿದು ಹೊರಡುತ್ತಿದ್ದರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊಡೆದು ತಂದು ರಾಶಿ ಹಾಕಿದರೆ, ಯಾರ ರಾಶಿ ದೊಡ್ಡದೋ ಆ ತಂಡಕ್ಕೆ ಗೆಲುವು. ಪೇಟೆಯಲ್ಲಿ ಹಕ್ಕಿಗಳಿಗೆ ಇನ್ನೊಂದು ಕುತ್ತು ಕಾದಿತ್ತು, ಹೆಂಗಸರ ಟೋಪಿ. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಯುವಕ ನ್ಯೂಯಾರ್ಕಿನ ಬೀದಿಗಳಲ್ಲಿ ನಡೆಯುತ್ತ ಎದುರಾದ ಟೋಪಿಗಳನ್ನು ಎಣಿಸಿದ. 700 ಟೋಪಿಗಳಲ್ಲಿ 542ರ ಮೇಲೆ ಗರಿಗಳಿದ್ದವು. ಕೆಲವುಗಳ ಮೇಲೆ ಇಡೀ ಹಕ್ಕಿಯನ್ನೇ ಕೂರಿಸಲಾಗಿತ್ತು. ಅವುಗಳಲ್ಲಿ ಸುಮಾರು 40 ಜಾತಿಗಳನ್ನು ಆತ ಗುರುತಿಸಿದ. ಈ ಕಥೆಯಲ್ಲಿ ಬರುವ ಮೊದಲ ಪಟ್ಟಿ ಸತ್ತ ಹಕ್ಕಿಗಳದು ಎಂಬುದನ್ನು ಮರೆಯಬಾರದು.

ಮುಂದೆ ಪಕ್ಷಿವಿಜ್ಞಾನಿಯಾಗಿ ಹೆಸರಾದ ಚಾಪ್‌ಮನ್, 1900ರ ಡಿಸೆಂಬರಿನಲ್ಲಿ ತನ್ನ ‘ಬರ್ಡ್-ಲೋರ್’ ಪತ್ರಿಕೆಯ ಮೂಲಕ ಓದುಗರನ್ನು ಕೇಳಿಕೊಂಡ: ಈ ಕ್ರಿಸ್‌ಮಸ್‌ಗೆ ಕೊಲ್ಲುವುದು ಬೇಡ, ಎಣಿಸಿ. ಆ ಸಲ 27 ಜನ 25 ಕಡೆಗಳಲ್ಲಿ ಎಣಿಸಿ ಸುಮಾರು 90 ಜಾತಿಗಳನ್ನು ದಾಖಲಿಸಿದರು. ‘ಕ್ರಿಸ್‌ಮಸ್ ಪಕ್ಷಿ ಗಣತಿ’ ಅಂದಿನಿಂದ ವರ್ಷ ತಪ್ಪದೆ ನಡೆದಿದೆ. 15 ಮೈಲಿ ವ್ಯಾಸದ ಒಂದು ವೃತ್ತ, ಡಿಸೆಂಬರ್ 14ರಿಂದ ಜನವರಿ 5ರೊಳಗಿನ ಒಂದು ದಿನ, ಅದರಲ್ಲಿ ಕಂಡ ಪ್ರತಿ ಹಕ್ಕಿಯ ಲೆಕ್ಕ. ಕ್ರಮ ಇಷ್ಟೇ. ಅದೇ ವೃತ್ತಕ್ಕೆ ಪ್ರತಿವರ್ಷ ಮರಳುವುದರಲ್ಲಿಯೇ ಇದರ ಬಲವಿದೆ. ಒಂದು ವರ್ಷದ ಪಟ್ಟಿಯಿಂದ ಹೆಚ್ಚೇನೂ ತಿಳಿಯದು. ಐವತ್ತು ವರ್ಷಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟಾಗ ಯಾವ ಹಕ್ಕಿ ಕರಗುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. 1970ರಿಂದೀಚೆಗೆ ಉತ್ತರ ಅಮೆರಿಕ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಲು ಸಾಧ್ಯವಾದದ್ದು ಇಂಥ ಸ್ವಯಂಸೇವಕರ ದಶಕಗಳ ದಾಖಲೆಗಳಿಂದ.

ಬ್ರಿಟನ್ನಿನಲ್ಲಿ 1979ರಲ್ಲಿ ಮಕ್ಕಳಿಗಾಗಿ ಶುರುವಾದ ಕೈತೋಟದ ಹಕ್ಕಿ ಎಣಿಕೆ ಮುಂದೆ ಮನೆಮಂದಿಯೆಲ್ಲ ಕೂಡುವ ವಾರ್ಷಿಕ ಕಾರ್ಯಕ್ರಮವಾಯಿತು. ನೀರಹಕ್ಕಿಗಳ ಅಂತರರಾಷ್ಟ್ರೀಯ ಗಣತಿ 1967ರಲ್ಲಿ ಮೊದಲಾಯಿತು. ಅದರ ಏಷ್ಯಾದ ಭಾಗ 1987ರಲ್ಲಿ ಭಾರತ ಉಪಖಂಡದಿಂದ ಆರಂಭವಾಯಿತು. ಪ್ರತಿ ಜನವರಿಯಲ್ಲಿ ನಡೆಯುವ ಈ ಗಣತಿಯೇ ಕರ್ನಾಟಕದ ಕೆರೆಗಳಿಗೆ ಹೆಚ್ಚು ಹತ್ತಿರದ್ದು.

ಕೆರೆ ಎಣಿಕೆ ಸುಲಭದ ಕೆಲಸವಲ್ಲ. ಬೆಳಗಿನ ಮಂಜು ಏಳುವ ಮೊದಲೇ ಏರಿಯ ಮೇಲೆ ನಿಲ್ಲಬೇಕು, ಸೂರ್ಯ ಬೆನ್ನಿಗಿರಬೇಕು. ದಡದ ಕೊಳದ ಬಕವನ್ನೋ ಬೆಳ್ಳಕ್ಕಿಯನ್ನೋ ಒಂದೊಂದಾಗಿ ಎಣಿಸಬಹುದು, ನೀರ ನಡುವೆ ಕಪ್ಪು ಚುಕ್ಕೆಗಳಂತೆ ಹರಡಿದ ನಾಮದ ಕೋಳಿಗಳನ್ನು ಹಾಗೆ ಎಣಿಸಲಾಗದು. ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲೇ ಅಳೆದುಕೊಂಡು, ಅಂಥ ಎಷ್ಟು ತುಂಡುಗಳಿವೆ ಎಂದು ದುರ್ಬೀನನ್ನು ಎಡದಿಂದ ಬಲಕ್ಕೆ ಸರಿಸುತ್ತ ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ಹದ್ದೊಂದು ಹಾದುಹೋದರೆ ಇಡೀ ಹಿಂಡು ಎದ್ದು ಸುತ್ತು ಹಾಕುತ್ತದೆ. ಮತ್ತೆ ಮೊದಲಿನಿಂದ ಎಣಿಸಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರು ಸೀಮೆಯ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಲೆಕ್ಕ ನಮಗೆ ಸಿಕ್ಕಿರುವುದು ಇಂಥ ತಾಳ್ಮೆಯಿಂದ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಇಲ್ಲಿ ಕಂಡದ್ದೂ ಉಂಟು.

ಕರ್ನಾಟಕದಲ್ಲಿ ಇದಕ್ಕೆ ನೆಲ ಹದಮಾಡಿದವರು ಹವ್ಯಾಸಿಗಳು. 1972ರಲ್ಲಿ ಜೋಸೆಫ್ ಜಾರ್ಜ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪಕ್ಷಿವೀಕ್ಷಕರ ಸಂಘ ಹುಟ್ಟಿತು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರಿ ಹಕ್ಕಿ ನೋಡುವ ಅದರ ರೂಢಿಯಲ್ಲಿ ಅನೇಕರ ಕಣ್ಣು ಪಳಗಿತು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಈ ಹುಚ್ಚನ್ನು ಇಂಗ್ಲಿಷ್ ಬಾರದ ಮನೆಗಳಿಗೂ ಹಚ್ಚಿದವು. ಅವರ ಪಾಲು ಯಾವ ಸಂಘದ ಪಾಲಿಗೂ ಕಡಿಮೆಯದಲ್ಲ. ಮಡಿವಾಳ, ಕಾಜಾಣ, ಪಿಕಳಾರ, ಕುಟ್ರುಹಕ್ಕಿ ಎಂಬ ಹೆಸರುಗಳು ನಾಲಗೆಯ ಮೇಲೆ ಇದ್ದರೆ ತಾನೆ ಪಟ್ಟಿ ಬರೆಯಲು ಮನಸ್ಸಾಗುವುದು!

ಅಮೆರಿಕದ ಕಾರ್ನೆಲ್ ಪಕ್ಷಿಸಂಸ್ಥೆ ಮತ್ತು ಆಡುಬಾನ್ ಸೊಸೈಟಿ 1998ರಲ್ಲಿ ‘ಹಿತ್ತಿಲ ಹಕ್ಕಿ ಎಣಿಕೆ’ ಆರಂಭಿಸಿದವು. ಪಟ್ಟಿಗಳನ್ನು ಅಂತರ್ಜಾಲದಲ್ಲೇ ಕೂಡಿಸಿದ್ದು ಅದರ ಹೊಸತನ. 2013ರಲ್ಲಿ ಅದು ಜಗತ್ತಿಗೆಲ್ಲ ತೆರೆದುಕೊಂಡಿತು, ಭಾರತವೂ ಆ ವರ್ಷವೇ ಸೇರಿತು. ಫೆಬ್ರುವರಿಯ ನಾಲ್ಕು ದಿನಗಳಲ್ಲಿ ಕನಿಷ್ಠ 15 ನಿಮಿಷ ಒಂದೆಡೆ ನಿಂತು ಎಣಿಸಿದರೆ ಸಾಕು. ಇದರ ಅಂಗವಾಗಿ ಕಾಲೇಜು ಆವರಣಗಳ ಗಣತಿಯೂ ನಡೆಯುತ್ತದೆ. ಕೇರಳದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು 2015ರಿಂದ 2020ರವರೆಗೆ ದುಡಿದು ರಾಜ್ಯದ ಪಕ್ಷಿ ಭೂಪಟವನ್ನೇ ಸಿದ್ಧಪಡಿಸಿದರು.

ಇವೆಲ್ಲದರ ಫಲ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ. 2020ರ ವರದಿ ಒಂದು ಕೋಟಿಗೂ ಮಿಕ್ಕಿದ ದಾಖಲೆಗಳನ್ನು, 2023ರದು ಸುಮಾರು 30 ಸಾವಿರ ವೀಕ್ಷಕರ ಮೂರು ಕೋಟಿ ದಾಖಲೆಗಳನ್ನು ಆಧರಿಸಿದೆ. ಗುಬ್ಬಚ್ಚಿ ದೇಶದಿಂದಲೇ ಮಾಯವಾಗುತ್ತಿದೆ ಎಂಬ ಮಾತು ಪೂರ್ತಿ ನಿಜವಲ್ಲ, ಮಹಾನಗರಗಳಲ್ಲಿ ಇಳಿದಿದ್ದರೂ ಒಟ್ಟಾರೆ ಅದು ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ತೋರಿಸಿಕೊಟ್ಟದ್ದು 2020ರ ವರದಿ. ಅದೇ ವರದಿಯಲ್ಲಿ ನವಿಲಿನ ಸಂಖ್ಯೆ ಏರಿದೆ, ಬೇಟೆಹಕ್ಕಿಗಳದೂ ವಲಸೆ ಬರುವ ದಡದ ಹಕ್ಕಿಗಳದೂ ಇಳಿದಿದೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಹೊಸಬರು ಹಕ್ಕಿಯನ್ನು ತಪ್ಪಾಗಿ ಗುರುತಿಸಬಹುದು. ಅಪರೂಪದ್ದು ಕಂಡ ಸಂಭ್ರಮದಲ್ಲಿ ಕಾಗೆ, ಗೊರವಂಕಗಳನ್ನು ಬರೆಯದೆ ಬಿಡುವವರು ಹೆಚ್ಚು. ಕಂಡದ್ದನ್ನೆಲ್ಲ ಬರೆದ ಪಟ್ಟಿಯಿಂದ ಮಾತ್ರ ಯಾವುದು ಕಾಣಲಿಲ್ಲ ಎಂಬುದೂ ತಿಳಿಯುತ್ತದೆ. ಆದ್ದರಿಂದಲೇ ಎಣಿಸಿದ ಹೊತ್ತು, ನಡೆದ ದೂರ, ಎಣಿಸಿದವರ ಸಂಖ್ಯೆಗಳನ್ನೂ ನಮೂದಿಸುತ್ತಾರೆ. ಅದಕ್ಕಿಂತ ದೊಡ್ಡ ಕೊರತೆ ಜಾಗಗಳದು. ಬೆಂಗಳೂರು, ಮೈಸೂರುಗಳಿಂದ ರಾಶಿ ಪಟ್ಟಿ ಹೋಗುತ್ತವೆ, ರಾಯಚೂರು, ಯಾದಗಿರಿಯ ಬಯಲುಗಳಿಂದ ಬರುವುದು ಬಹಳ ಕಡಿಮೆ. ಆ ಕಡೆಯ ಶಾಲೆಯ ಮೇಷ್ಟ್ರು, ರೈತರು, ಕಾಲೇಜು ಹುಡುಗ ಹುಡುಗಿಯರು ಬರುವ ಫೆಬ್ರುವರಿಯಲ್ಲಿ ತಮ್ಮೂರಿನ ಕೆರೆಯ ಬಳಿ ಹದಿನೈದು ನಿಮಿಷ ನಿಂತು ಎಣಿಸಲಿ. ಕಾಗೆಯಿಂದಲೇ ಶುರುಮಾಡಲಿ.