ಗರಿಕೆ, ಪ್ಲಾಸ್ಟಿಕ್ಕು ಮತ್ತು ಗಂಟೆ ಲೆಕ್ಕ

ಬೆಂಗಳೂರಿನ ಮೂರು ಸ್ಟೇಡಿಯಂಗಳ ಕೆಳಗೆ ಮೂರು ಕೆರೆಗಳಿವೆ. ಕಂಠೀರವದ ಕೆಳಗೆ ಸಂಪಂಗಿ ಕೆರೆ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಕೆಳಗೆ ಶೂಲೆ ಕೆರೆ, ಹಾಕಿ ಸ್ಟೇಡಿಯಂ ಕೆಳಗೆ ಅಕ್ಕಿತಿಮ್ಮನಹಳ್ಳಿ ಕೆರೆ. ಸಂಪಂಗಿ ಕೆರೆಯ ಒಂದು ಚಿಕ್ಕ ಹೊಂಡ ಕರಗದ ನೆಪದಲ್ಲಿ ಇನ್ನೂ ಉಳಿದಿದೆ. ಮಿಕ್ಕಿದ್ದೆಲ್ಲ ಮೊದಲು ಒಣಗಿ ಬಯಲಾಯ್ತು, ಆಮೇಲೆ ಆಟದ ಮೈದಾನವಾಯ್ತು, ಕೊನೆಗೆ ಸ್ಟೇಡಿಯಂ ಆಯ್ತು. ಇವುಗಳಲ್ಲಿ ಕಂಠೀರವದಲ್ಲಿ ಹುಲ್ಲು ಉಳಿದುಕೊಂಡಿತು, ಬೇರೆ ಎರಡಕ್ಕೂ ಪ್ಲಾಸ್ಟಿಕ್ ಹಾಸು ಬಂತು.

ಯಾಕೆ ಹೀಗೆ ಅಂತ ಕೇಳಿದರೆ ಸಾಮಾನ್ಯವಾಗಿ ಬರೋ ಉತ್ತರ ಚೆಂಡಿನ ಪುಟಿತದ ಬಗ್ಗೆ, ಮೊಣಕಾಲಿನ ಗಾಯದ ಬಗ್ಗೆ. ಅದೆಲ್ಲ ನಿಜವೇ. ಆದರೆ ಈ ಹುಲ್ಲು–ಪ್ಲಾಸ್ಟಿಕ್ ಜಗಳದ ಚರಿತ್ರೆ ಓದ್ತಾ ಹೋದ ಹಾಗೆ ನನಗೆ ಕಂಡದ್ದು ಬೇರೆ. ಇದರ ಬುಡದಲ್ಲಿ ಇರೋದು ಗಂಟೆಯ ಲೆಕ್ಕ ಮತ್ತು ನೀರಿನ ಲೆಕ್ಕ. ಒಂದು ನೆಲದ ಮೇಲೆ ವಾರಕ್ಕೆ ಎಷ್ಟು ಗಂಟೆ, ಯಾರು ಆಡ್ತಾರೆ ಅನ್ನೋದು.

ಕೃತಕ ಹುಲ್ಲು ಹುಟ್ಟಿದ್ದು ಸ್ಟೇಡಿಯಂಗಾಗಿ ಅಂದುಕೊಂಡಿರೋರೇ ಜಾಸ್ತಿ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಅನ್ನೋ ಪೂರ್ತಿ ಛಾವಣಿಯ ಸ್ಟೇಡಿಯಂ ಶುರುವಾಯ್ತು. ಗಾಜಿನಂಥ ಛಾವಣಿಯಿಂದ ಬಿಸಿಲು ಕಣ್ಣಿಗೆ ಹೊಡೆದು ಬೇಸ್‌ಬಾಲ್ ಆಟಗಾರರಿಗೆ ಕ್ಯಾಚ್ ಕಾಣ್ತಿರಲಿಲ್ಲ. ಛಾವಣಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಮಾನ್ಸಾಂಟೊ ಕಂಪನಿಯ 'ಕೆಮ್‌ಗ್ರಾಸ್' ತಂದು ಹಾಸಿದರು. ಆ ಸ್ಟೇಡಿಯಂನಿಂದಲೇ ಅದಕ್ಕೆ ಆಸ್ಟ್ರೋಟರ್ಫ್ ಅಂತ ಹೆಸರು ಬಂತು. ಕಥೆ ಇಲ್ಲಿಂದಲೇ ಶುರುವಾಗಿದ್ದು ಅಂತ ಎಲ್ಲರೂ ಹೇಳ್ತಾರೆ.

ಆದರೆ ಅದಕ್ಕೂ ಎರಡು ವರ್ಷ ಮೊದಲೇ, 1964ರಲ್ಲಿ, ಅದೇ ಕೆಮ್‌ಗ್ರಾಸ್ ಅನ್ನು ರೋಡ್ ಐಲ್ಯಾಂಡ್ ರಾಜ್ಯದ ಮೋಸಸ್ ಬ್ರೌನ್ ಅನ್ನೋ ಶಾಲೆಯಲ್ಲಿ ಹಾಸಿದ್ದರು. ಅದರ ಹಿಂದೆ ಇದ್ದದ್ದು ಫೋರ್ಡ್ ಫೌಂಡೇಷನ್ನಿನ ಶಿಕ್ಷಣ ವಿಭಾಗದ ಕಾಳಜಿ. ನಗರದ ಮಕ್ಕಳಿಗೆ ಓಡಾಡಿ ಆಡೋಕೆ ನೆಲವಿಲ್ಲ, ಇರೋ ಚೂರು ಜಾಗದಲ್ಲಿ ಹುಲ್ಲು ನಿಲ್ಲಲ್ಲ, ಬರೀ ಕಾಂಕ್ರೀಟು. ಹಾಗಿದ್ದರೆ ಸವೆಯದ ಹುಲ್ಲೊಂದನ್ನು ಮಾಡಬಹುದಾ? ಅಂದ್ರೆ ಜಾಗ ಇಲ್ಲದ ಮಕ್ಕಳಿಗಾಗಿ ಹುಟ್ಟಿದ ಸಾಮಾನಿದು. ಹೆಸರು ಮಾಡಿದ್ದು ಮಾತ್ರ ಶ್ರೀಮಂತರ ಸ್ಟೇಡಿಯಂನಲ್ಲಿ.

ವೃತ್ತಿಪರ ಫುಟ್‌ಬಾಲ್ ಇದನ್ನು ಹತ್ತಿರಕ್ಕೆ ಕರೆದದ್ದೂ ಉಂಟು, ಆಚೆಗೆ ತಳ್ಳಿದ್ದೂ ಉಂಟು. ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ 1981ರಲ್ಲಿ ಪ್ಲಾಸ್ಟಿಕ್ ಹಾಸಿತು. ಆಮೇಲೆ ಲೂಟನ್, ಓಲ್ಡ್‌ಹ್ಯಾಮ್, ಪ್ರೆಸ್ಟನ್ ಕ್ಲಬ್ಬುಗಳು ಹಾಸಿದವು. ಚೆಂಡು ಆಳೆತ್ತರ ಪುಟಿಯೋದು, ಜಾರಿ ಬಿದ್ದವನ ತೊಡೆ ಸುಟ್ಟ ಹಾಗೆ ತರಚೋದು. ಹೊರಗಿನಿಂದ ಬಂದ ತಂಡಗಳಿಗೆ ಗೋಳು, ಮನೆಯವರಿಗೆ ಲಾಭ. 1994ರ ಹೊತ್ತಿಗೆ ನಾಲ್ಕೂ ಕಡೆ ಕಿತ್ತು ಮತ್ತೆ ಹುಲ್ಲು ಹಾಕಿದರು. ಆಮೇಲೆ ಬಂತು ಮೂರನೇ ತಲೆಮಾರಿನ ಟರ್ಫು: ಉದ್ದ ಎಳೆಗಳು, ಮಧ್ಯೆ ಮರಳು ಮತ್ತು ಹಳೇ ಟೈರಿನ ರಬ್ಬರ್ ಕಾಳು. ಶನಿವಾರ ರಾತ್ರಿ ಟರ್ಫಲ್ಲಿ ಆಡಿ ಬಂದು ಶೂ ಕೊಡವಿದಾಗ ಬಾತ್‌ರೂಮ್ ತುಂಬ ಉದುರುತ್ತಲ್ಲ ಕಪ್ಪು ಕಾಳು, ಅದೇ. 2004ರಲ್ಲಿ ಫುಟ್‌ಬಾಲಿನ ನಿಯಮ ಪುಸ್ತಕವೇ ಕೃತಕ ಹಾಸಿಗೆ ಒಪ್ಪಿಗೆ ಕೊಟ್ಟಿತು.

ಆದರೂ ದೊಡ್ಡ ಪಂದ್ಯ ಬಂದಾಗ ನಿಯಮ ಬೇರೆ, ಮನಸ್ಸು ಬೇರೆ. 2008ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮಾಸ್ಕೋದ ಲುಜ್ನಿಕಿಯಲ್ಲಿ ಇದ್ದ ಪ್ಲಾಸ್ಟಿಕ್ಕಿನ ಮೇಲೆ ಆ ಒಂದು ಪಂದ್ಯಕ್ಕಾಗಿ ನಿಜವಾದ ಹುಲ್ಲು ತಂದು ಹಾಸಿದರು. 2015ರ ಮಹಿಳಾ ವಿಶ್ವಕಪ್ ಮಾತ್ರ ಕೆನಡಾದಲ್ಲಿ ಪೂರ್ತಿ ಕೃತಕ ಹಾಸಿನ ಮೇಲೇ ನಡೆಯಿತು. ಗಂಡಸರಿಗೆ ಹೀಗೆ ಮಾಡ್ತಿದ್ರಾ ಅಂತ ಆಟಗಾರ್ತಿಯರು 2014ರಲ್ಲಿ ಅಲ್ಲಿನ ಮಾನವ ಹಕ್ಕು ನ್ಯಾಯಮಂಡಳಿಗೆ ದೂರು ಕೊಟ್ಟರು, ಆಮೇಲೆ ವಾಪಸ್ ತಗೊಂಡರು. ಅವರ ಪ್ರಶ್ನೆಗೆ ಉತ್ತರ 2026ರ ಪುರುಷರ ವಿಶ್ವಕಪ್ಪಿನ ಏರ್ಪಾಟಿನಲ್ಲಿ ಸಿಕ್ಕಿತು: ಅಮೆರಿಕ, ಕೆನಡಾದಲ್ಲಿ ಪ್ಲಾಸ್ಟಿಕ್ ಇದ್ದ ಸ್ಟೇಡಿಯಂಗಳಿಗೂ ಹುಲ್ಲು ಕಡ್ಡಾಯ. ನೆದರ್ಲೆಂಡ್ಸ್‌ನ ಮೊದಲ ದರ್ಜೆ ಲೀಗ್ 2025-26ರಿಂದ ಕೃತಕ ಹಾಸನ್ನು ಬಿಟ್ಟಿತು. ಆ ರಬ್ಬರ್ ಕಾಳಿನ ಮಾರಾಟವನ್ನು ಯುರೋಪಿಯನ್ ಒಕ್ಕೂಟ 2031ಕ್ಕೆ ನಿಲ್ಲಿಸಲಿದೆ, ಸೂಕ್ಷ್ಮ ಪ್ಲಾಸ್ಟಿಕ್ ಅನ್ನೋ ಕಾರಣಕ್ಕೆ.

ಇನ್ನು ನಮ್ಮ ಬೆಂಗಳೂರಿಗೆ ಬನ್ನಿ. ಈ ಊರಿನ ಫುಟ್‌ಬಾಲ್ ಚರಿತ್ರೆ ಶುರುವಾಗಿದ್ದು ಬರಿಗಾಲಲ್ಲಿ, ಬಯಲಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಅದು ಬ್ರಿಟಿಷ್ ಪಟಾಲಮ್ಮುಗಳ ಆಸ್ತಿ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಸೋಲಿಸಿದ ಮೇಲೆ ಬೂಟು ಕಡ್ಡಾಯವಾಯ್ತು. ನೆಲ ಬದಲಾದರೆ ಕಾಲು ಬದಲಾಗಬೇಕು, ಕಾಲು ಬದಲಾದರೆ ಜೇಬೂ ಬದಲಾಗಬೇಕು. ನಮ್ಮವರಿಗೆ ಆ ಪಾಠ ಅವತ್ತೇ ಆಗಿತ್ತು.

ಅಶೋಕನಗರದ ಸ್ಟೇಡಿಯಂನಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಅಂತ ಶುರುವಾಗಿ ಎ, ಬಿ, ಸಿ ಡಿವಿಷನ್ನುಗಳವರೆಗೆ ಲೀಗ್ ಪಂದ್ಯಗಳಿವೆ. ಹುಲ್ಲಿನ ಮೈದಾನ ಒಳ್ಳೇ ಸ್ಥಿತಿಯಲ್ಲಿ ಇರಬೇಕಂದ್ರೆ ವಾರಕ್ಕೆ ಹತ್ತಿಪ್ಪತ್ತು ಗಂಟೆಗಿಂತ ಹೆಚ್ಚು ತುಳಿಸೋ ಹಾಗಿಲ್ಲ. ಮಳೆಗಾಲದಲ್ಲಿ ಒಂದೇ ನೆಲದ ಮೇಲೆ ದಿನಕ್ಕೆರಡು ಮೂರು ಪಂದ್ಯ ಆಡಿಸಿದರೆ ಗೋಲಿನ ಮುಂದೆ ಗದ್ದೆ ಉತ್ತ ಹಾಗೆ ಆಗುತ್ತೆ. ಅಲ್ಲಿಗೆ ಕೃತಕ ಹಾಸು ಬಂದಾಗ ಸಣ್ಣ ಕ್ಲಬ್ಬಿನ ಹುಡುಗರಿಗೆ ಆದ ಲಾಭ ಇದೇ, ಆಡೋಕೆ ಗಂಟೆಗಳು ಸಿಕ್ಕವು.

ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಐ-ಲೀಗ್ ಪಂದ್ಯವನ್ನು 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ಆಡಿದ್ದು ಅದೇ ಹಾಸಿನ ಮೇಲೆ. ಮೊದಲ ವರ್ಷವೇ ಪ್ರಶಸ್ತಿ ಗೆದ್ದರು. ಮುಂದಿನ ಸೀಸನ್ನಿಗೆ ಕಂಠೀರವದ ಹುಲ್ಲಿಗೆ ಹೋದರು. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅನ್ನಿಸಿಕೊಂಡದ್ದು ಆ ಹುಲ್ಲಿನ ಮೇಲೆ. ಹೀಗೆ ಒಂದೇ ಊರಲ್ಲಿ ಕೆಲಸ ಹಂಚಿಕೆಯಾಯ್ತು: ದಿನಾ ಆಡೋರಿಗೆ ಪ್ಲಾಸ್ಟಿಕ್ಕು, ಟಿವಿಯಲ್ಲಿ ಬರೋರಿಗೆ ಹುಲ್ಲು. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲೂ ಇದ್ದ ಕೃತಕ ಹಾಸನ್ನು 2017ರ 17 ವರ್ಷದೊಳಗಿನವರ ವಿಶ್ವಕಪ್ಪಿಗಾಗಿ ಕಿತ್ತು ಬರ್ಮುಡಾ ಹುಲ್ಲು ಹಾಕಿದರು.

ಈ ಬರ್ಮುಡಾ ಹುಲ್ಲು ಯಾವುದು ಗೊತ್ತಾ? ನಮ್ಮ ಗರಿಕೆ. ಸಸ್ಯಶಾಸ್ತ್ರದ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಗಣೇಶನ ಹಬ್ಬಕ್ಕೆ ಎಣಿಸಿ ಏರಿಸೋದು ಅದನ್ನೇ, ರಾಗಿ ಹೊಲದಲ್ಲಿ ಶಾಪ ಹಾಕ್ತಾ ಕೀಳೋದೂ ಅದನ್ನೇ. ಸ್ಟೇಡಿಯಂಗೆ ತರೋದು ಆರಿಸಿ ಬೆಳೆಸಿದ ತಳಿ, ಆದರೆ ಕುಲ ಅದೇ. ರೈತನಿಗೆ ಅದು ತಲೆನೋವಾಗೋ ಗುಣವೇ ಆಟಕ್ಕೆ ವರ: ನೆಲದ ಮೇಲೂ ಒಳಗೂ ಬಳ್ಳಿ ಹರಿಸಿ, ಬೂಟು ಕಿತ್ತ ಜಾಗವನ್ನು ತಾನೇ ಮುಚ್ಚಿಕೊಳ್ಳುತ್ತೆ. ಅದಕ್ಕೆ ಬೇಕಾದದ್ದು ಬಿಸಿಲು, ನೀರು, ಸ್ವಲ್ಪ ಬಿಡುವು.

ಈಗ ನಮ್ಮೂರಿನ ಮಾತು. ನಾನು ದೊಡ್ಡಬೆಳವಂಗಲದವನು. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ ಕಡೆ ಹೋಗೋ ರಸ್ತೆಯಲ್ಲಿ ಸಿಗುತ್ತೆ, ಹೋಬಳಿ ಕೇಂದ್ರ. ವಾರವೆಲ್ಲ ಬೆಂಗಳೂರಲ್ಲಿ ಕೆಲಸ. ಶನಿವಾರ ಆಫೀಸಿನ ಹತ್ತು ಜನ ಸೇರಿ ಗಂಟೆಗೆ ಒಂದೂವರೆ ಸಾವಿರ ಕೊಟ್ಟು ಟರ್ಫಲ್ಲಿ ಆಡ್ತೀವಿ. ಹೋದ ಬೇಸಿಗೆಯಲ್ಲಿ ಊರಿನ ಹುಡುಗರು ಒಂದು ಯೋಜನೆ ಮುಂದಿಟ್ಟರು. ಅರ್ಧ ಎಕರೆ ಜಮೀನು ಗುತ್ತಿಗೆಗೆ ಹಿಡಿದು, ಬಲೆ ಕಟ್ಟಿ, ಲೈಟು ಹಾಕಿ, ಟರ್ಫ್ ಮಾಡೋದು. ಹೊರಗಡೆ ದುಡಿಯೋ ನಾವು ಏಳೆಂಟು ಜನ ಬಂಡವಾಳಕ್ಕೆ ಕೈ ಹಾಕಬೇಕು.

ನಾನು ಹೇಳಿದೆ: ಮೊದಲು ಸ್ಕೂಲ್ ಮೈದಾನ ನೋಡೋಣ, ಮಟ್ಟ ಮಾಡಿಸಿ ನೀರು ಹೋಗೋಕೆ ಚರಂಡಿ ತೆಗೆಸೋಣ, ಟರ್ಫ್ ಆಮೇಲೆ.

ಚಿಕ್ಕಪ್ಪನ ಮಗನಿಗೆ ಸಿಟ್ಟು ಬಂತು. "ನೀನು ಬೆಂಗಳೂರಲ್ಲಿ ಟರ್ಫಲ್ಲಿ ಆಡ್ತೀಯ, ನಮಗೆ ಮಾತ್ರ ಮಣ್ಣಲ್ಲಿ ಬಿದ್ದು ಮಂಡಿ ತರಚ್ಕೊಳ್ರಿ ಅಂತೀಯ. ಇದೇನಣ್ಣ ನ್ಯಾಯ?"

ಅವನ ಮಾತಲ್ಲಿ ತೂಕವಿದೆ. ಹಳ್ಳಿ ಚೆಂದ, ಮಣ್ಣು ಚೆಂದ ಅಂತ ದೂರದಲ್ಲಿ ಕೂತು ಹೇಳೋದು ಸುಲಭ. ಅದಕ್ಕೇ ನಾನು ಲೆಕ್ಕ ಹಾಕಿ ತೋರಿಸೋಕೆ ಹೋದೆ, ಮೂರೂ ಬಗೆಯ ನೆಲಕ್ಕೆ.

ಮೊದಲನೆಯದು ಸ್ಟೇಡಿಯಂ ಥರದ ಹುಲ್ಲು. ಪೂರ್ತಿ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದ್ರೆ 7,140 ಚದರ ಮೀಟರ್. ಬೇಸಿಗೆಯಲ್ಲಿ ಹಸಿರಾಗಿರೋಕೆ ದಿನಕ್ಕೆ 5 ಮಿಲಿಮೀಟರ್ ನೀರು ಕೊಟ್ಟರೂ 35,700 ಲೀಟರ್ ಆಯ್ತು. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಏಳು. ನಮ್ಮ ತಾಲ್ಲೂಕಿನ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ಬೋರ್‌ವೆಲ್ಲು ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದ ಕಥೆ ಮನೆಮನೆಯಲ್ಲೂ ಇದೆ. ಬೆಂಗಳೂರಲ್ಲೇ 2024ರ ಮಾರ್ಚಿನಲ್ಲಿ ಕುಡಿಯೋ ನೀರನ್ನು ಗಿಡಕ್ಕೆ ಹಾಕಿದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಬೇಕಾಯ್ತು. ಹಾಗಾಗಿ ವರ್ಷಪೂರ್ತಿ ಹಸಿರಿನ ಆಸೆ ನಮಗಿಲ್ಲ.

ಎರಡನೆಯದು ಟರ್ಫ್. ನೀರಿನ ಖರ್ಚು ಕಮ್ಮಿ, ಗಂಟೆಗಳಿಗೆ ಮಿತಿಯಿಲ್ಲ. ಆದರೆ ನಡುಮಧ್ಯಾಹ್ನದ ಬಿಸಿಲಿಗೆ ಪ್ಲಾಸ್ಟಿಕ್ ಹಾಸು 60 ಡಿಗ್ರಿ ದಾಟಬಲ್ಲದು, ಆಗ ಅದರ ಮೇಲೆ ಮಕ್ಕಳನ್ನು ಬಿಡೋ ಹಾಗಿಲ್ಲ. ಎಂಟು ಹತ್ತು ವರ್ಷಕ್ಕೆ ಎಳೆ ಸವೆದು ಹೊಸದು ಹಾಸಬೇಕು, ಹಳೇದನ್ನು ಎಲ್ಲಿ ಹಾಕೋದು? ಅದಕ್ಕಿಂತ ದೊಡ್ಡದು ಬಾಡಿಗೆ. ಬಂಡವಾಳ ವಾಪಸ್ ಬರಬೇಕಂದ್ರೆ ಗಂಟೆಗೆ ಇಷ್ಟು ಅಂತ ವಸೂಲಿ ಮಾಡಲೇಬೇಕು. ಆಗ ಸಂಜೆ ಆರರಿಂದ ಹತ್ತರವರೆಗೆ ಯಾರು ಆಡ್ತಾರೆ? ಫ್ಯಾಕ್ಟರಿ ಸಂಬಳ ಇರೋರು, ಕಾರಲ್ಲಿ ಬರೋರು. ಏಳನೇ ಕ್ಲಾಸಿನ ಹುಡುಗಿ ಬಲೆಯ ಆಚೆ ನಿಂತು ನೋಡ್ತಾಳೆ. ಆಡೋಕೆ ಜಾಗವಿಲ್ಲದ ಮಕ್ಕಳಿಗಾಗಿ ಹುಟ್ಟಿದ ಹಾಸು ಅದೇ ಮಕ್ಕಳನ್ನು ಆಚೆ ನಿಲ್ಲಿಸುತ್ತೆ.

ಮೂರನೆಯದು ಸ್ಕೂಲ್ ಮೈದಾನ. ಜೂನಿನ ಮಳೆ ಬಿದ್ದ ಹದಿನೈದು ದಿನಕ್ಕೆ ಗರಿಕೆ ತಾನಾಗೇ ಹಬ್ಬುತ್ತೆ. ಯಾರೂ ಬಿತ್ತಬೇಕಿಲ್ಲ. ಡಿಸೆಂಬರ್‌ವರೆಗೆ ಹಸಿರು, ಆಮೇಲೆ ಒಣಗಿ ಕೆಂಪು ಮಣ್ಣು. ಬೇರು ಸಾಯಲ್ಲ. ಅಲ್ಲಿ ಇಲ್ಲದ್ದು ಮಟ್ಟಸ, ಚರಂಡಿ, ಗೋಲ್ ಕಂಬ, ಲಾರಿ ಟ್ರಾಕ್ಟರ್ ಒಳಗೆ ಬರದ ಹಾಗೆ ಒಂದು ತಡೆ. ಗುಂಡಿ ಮುಚ್ಚಿ ಒಂದಿಷ್ಟು ಕೆಮ್ಮಣ್ಣು ಹಾಕಿ ರೋಲರ್ ಆಡಿಸಿದರೆ ಮಂಡಿ ಕಲ್ಲಿಗೆ ತಾಗಲ್ಲ. ಟರ್ಫಿಗೆ ಬೇಕಾದ ದುಡ್ಡಿನ ಒಂದು ಪಾಲಲ್ಲಿ ಇಷ್ಟು ಮುಗಿಯುತ್ತೆ, ಮತ್ತೆ ಅಲ್ಲಿ ಯಾರೂ ಗಂಟೆಗೆ ಇಷ್ಟು ಅಂತ ಕೇಳಲ್ಲ.

ಹುಡುಗರು ಪೂರ್ತಿ ಒಪ್ಪಿದರು ಅಂತ ಹೇಳಲ್ಲ. ಟರ್ಫಿನ ಆಸೆ ಅವರಿಗೆ ಹೋಗಿಲ್ಲ, ಹೋಗಬೇಕಾಗೂ ಇಲ್ಲ. ವ್ಯಾಪಾರವಾಗಿ ನಡೆದರೆ ನಡೀಲಿ, ಹತ್ತು ಜನಕ್ಕೆ ಕೆಲಸ. ನಮ್ಮ ನಡುವೆ ಆದ ಒಪ್ಪಂದ ಇಷ್ಟು: ಹೊರಗಿರೋ ನಮ್ಮ ದುಡ್ಡು ಮೊದಲು ಎಲ್ಲರೂ ಆಡೋ ನೆಲಕ್ಕೆ. ಶಾಲೆಯವರ ಹತ್ರ, ಪಂಚಾಯ್ತಿಯವರ ಹತ್ರ ಹೋಗಿ ಬರೋ ಕೆಲಸ ಅವರದ್ದು. ಟರ್ಫ್ ಆದರೂ ಸ್ಕೂಲ್ ಮೈದಾನವನ್ನು ಯಾರೂ ಬೇರೆ ಕೆಲಸಕ್ಕೆ ಬಿಟ್ಟುಕೊಡಬಾರದು.

ಆ ಕೊನೆಯ ಮಾತಿಗೆ ಕಾರಣ ಬೆಂಗಳೂರಿನ ಚರಿತ್ರೆಯೇ. ಅಲ್ಲಿ ಕೆರೆಗಳು ಒಣಗಿದಾಗ ಕನಿಷ್ಠ ಮೈದಾನವಾದರೂ ಸಿಕ್ಕಿತು. ಆ ನೆಲದಲ್ಲಿ ಬರಿಗಾಲಿನ ಹುಡುಗರಿಗೆ ಜಾಗವಿದ್ದ ಕಾಲದಲ್ಲೇ ಈ ನಾಡಿನ ದೊಡ್ಡ ಆಟಗಾರರು ಬಂದರು. 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಗೆಲ್ಲೋಕೆ ನಾವು 54 ವರ್ಷ ಕಾಯಬೇಕಾಯ್ತು, 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸುವವರೆಗೆ. ಈ ಅಂತರಕ್ಕೆ ಕಾರಣ ನೂರಿರಬಹುದು. ಆದರೆ ಆ ಐವತ್ತು ವರ್ಷದಲ್ಲಿ ದುಡ್ಡಿಲ್ಲದೆ ಆಡಬಹುದಾದ ನೆಲ ನಮ್ಮ ಊರು ಕೇರಿಗಳಲ್ಲಿ ಎಷ್ಟು ಕರಗಿತು ಅನ್ನೋದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ನಿಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಲ್ಲೋ, ನಿಮ್ಮೂರಿನ ವಾಟ್ಸಾಪ್ ಗುಂಪಲ್ಲೋ ಟರ್ಫ್ ಮಾತು ಬಂದರೆ, ಹುಲ್ಲು ಒಳ್ಳೇದಾ ಪ್ಲಾಸ್ಟಿಕ್ ಒಳ್ಳೇದಾ ಅಂತ ಶುರು ಮಾಡಬೇಡಿ. ಎರಡಕ್ಕೂ ಅದರದರ ಜಾಗವಿದೆ. ಮೂರು ಪ್ರಶ್ನೆ ಕೇಳಿ: ನೀರು ಎಲ್ಲಿಂದ? ವಾರಕ್ಕೆ ಎಷ್ಟು ಗಂಟೆ ಆಟ? ದುಡ್ಡಿಲ್ಲದ ಮಗುವಿಗೆ ಅದರಲ್ಲಿ ಎಷ್ಟು ಗಂಟೆ? ಮೂರನೆಯದಕ್ಕೆ ಉತ್ತರ ಸೊನ್ನೆ ಅಂತ ಬಂದರೆ, ಹಾಸು ಎಷ್ಟೇ ಹಸಿರಾಗಿದ್ದರೂ ದುಡ್ಡು ಕೊಡೋಕೆ ಮುಂಚೆ ಇನ್ನೊಂದು ಸಲ ಯೋಚನೆ ಮಾಡಿ.