ಆಕರ ಯಾವುದು?



ನಮ್ಮ ಬಳಗದ ಸದಸ್ಯರೊಬ್ಬರ ಮಗಳು ಇಲ್ಲಿಯ ಕಾಲೇಜಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಳೆ. ಕಳೆದ ಕೂಟಕ್ಕೆ ಬೇಲೂರಿನ ಮೇಲೆ ತಾನು ಬರೆದ ಪ್ರಬಂಧವನ್ನು ತಂದಿದ್ದಳು. ದೇಗುಲವನ್ನು ಕಟ್ಟಿದವನು ಜಕಣಾಚಾರಿ ಎಂಬ ಸಾಲಿನ ಪಕ್ಕದಲ್ಲಿ ಅಧ್ಯಾಪಕರು ಕೆಂಪು ಶಾಯಿಯಲ್ಲಿ, 'ಆಕರ ಯಾವುದು?' ಎಂದು ಬರೆದಿದ್ದರು. "ಅಜ್ಜಿ ಹೇಳಿದ್ದು ಅಂಕಲ್, ಅದಕ್ಕೂ ಆಕರ ಬೇಕಾ?" ಎಂದು ಕೇಳಿದಳು. ಎಲ್ಲರೂ ನಕ್ಕೆವು. ಆದರೆ ಸರಿಯಾದ ಉತ್ತರ ಕೊಡುವುದು ನಮ್ಮಲ್ಲಿ ಯಾರಿಂದಲೂ ಆಗಲಿಲ್ಲ.

ಆ ಪ್ರಶ್ನೆಯ ಜಾಡು ಹಿಡಿದು ಹೋದಾಗ ನಮಗೆ ಎದುರಾದವರು ರಾಮ್ ರಾಜ್. ತಂಜಾವೂರಿನ ಕಡೆಯವರು, ಬಡತನದಲ್ಲಿ ಬೆಳೆದವರು. ಗುಮಾಸ್ತಿಕೆಯಿಂದ ಮೇಲೇರುತ್ತ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಕೊನೆಗೆ ನಮ್ಮ ಬೆಂಗಳೂರಿನಲ್ಲಿ ನ್ಯಾಯಾಧೀಶರಾದರು. ಹಿಂದೂ ವಾಸ್ತುಶಿಲ್ಪವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ರಾಯಲ್ ಏಷ್ಯಾಟಿಕ್ ಸೊಸೈಟಿ 1834ರಲ್ಲಿ ಲಂಡನ್ನಿನಲ್ಲಿ 48 ಚಿತ್ರಫಲಕಗಳೊಂದಿಗೆ ಪ್ರಕಟಿಸಿತು. ಪುಸ್ತಕ ಹೊರಬಂದಾಗ ಅದನ್ನು ನೋಡಲು ಅವರು ಬದುಕಿರಲಿಲ್ಲ.

ಅವರು ಕೆಲಸ ಮಾಡಿದ ರೀತಿ ಇಂದಿನ ವಿದ್ಯಾರ್ಥಿಗೂ ಪಾಠ. ಮೊದಲು ಗ್ರಂಥಗಳನ್ನು ಹುಡುಕಿದರು. 'ಮಾನಸಾರ', 'ಮಯಮತ' ಮುಂತಾದ ಶಿಲ್ಪಶಾಸ್ತ್ರಗಳು ಆಗ ಅಚ್ಚಾಗಿರಲಿಲ್ಲ. ಸಿಕ್ಕ ಹಸ್ತಪ್ರತಿಗಳಲ್ಲಿ ಅರ್ಧ ಇದ್ದರೆ ಅರ್ಧ ಇಲ್ಲ, ಪ್ರತಿಕಾರರ ತಪ್ಪುಗಳು ಬೇರೆ. ಸಂಸ್ಕೃತ ಬಲ್ಲ ಪಂಡಿತರಿಗೆ ಪಾರಿಭಾಷಿಕ ಪದಗಳು ಅರ್ಥವಾಗುತ್ತಿರಲಿಲ್ಲ. ಪದಗಳನ್ನು ದಿನವೂ ಬಳಸುತ್ತಿದ್ದ ಶಿಲ್ಪಿಗಳಿಗೆ ಗ್ರಂಥದ ಸಂಸ್ಕೃತ ಬಾರದು. ರಾಮ್ ರಾಜ್ ಇಬ್ಬರ ನಡುವೆ ಕುಳಿತರು. ಅಧಿಷ್ಠಾನ, ಉಪಪೀಠ, ಸ್ತಂಭ, ವಿಮಾನ ಎಂದು ಒಂದೊಂದು ಮಾತನ್ನೂ ಶಿಲ್ಪಿಯಿಂದ ಕೇಳಿ ತಿಳಿದು, ದಕ್ಷಿಣದ ದೇಗುಲಗಳೊಂದಿಗೆ ತಾಳೆ ನೋಡಿದರು. ಗ್ರಂಥ, ಕಸುಬುದಾರ, ಕಟ್ಟಡ ಈ ಮೂರೂ ಸೇರಿದ್ದರಿಂದಲೇ ಆ ಪುಸ್ತಕಕ್ಕೆ ಬೆಲೆ ಬಂತು. ಸುಮಾರು ನೂರು ವರ್ಷಗಳ ನಂತರ, 1930ರ ದಶಕದಲ್ಲಿ, ಪ್ರಸನ್ನ ಕುಮಾರ ಆಚಾರ್ಯರು ಹನ್ನೊಂದು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಇಡೀ 'ಮಾನಸಾರ'ವನ್ನು ಸಂಪಾದಿಸಿದರು. ಅವರಿಗೂ ಸಮಗ್ರವಾದ ಒಂದು ಪ್ರತಿ ಸಿಕ್ಕಿರಲಿಲ್ಲ.

ಇಷ್ಟಾದರೂ ಒಂದು ಸಂಗತಿ ನಮ್ಮನ್ನು ಕಾಡುತ್ತಿದೆ. ತಮಗೆ ಪದಗಳನ್ನು ಬಿಡಿಸಿ ಹೇಳಿದ ನುರಿತ ಶಿಲ್ಪಿಯೊಬ್ಬನನ್ನು ರಾಮ್ ರಾಜ್ ನೆನೆಯುತ್ತಾರೆ. ಅವನು ಇಂಥ ಕುಲದವನು ಎನ್ನುತ್ತಾರೆ, ಹೆಸರು ಮಾತ್ರ ಹೇಳುವುದಿಲ್ಲ. ಗ್ರಂಥಗಳಿಗೆ ಹೆಸರುಂಟು, ಬರೆದವರಿಗೆ ಹೆಸರುಂಟು, ಕೈಯಲ್ಲಿ ಉಳಿ ಹಿಡಿದವನು ಕುಲವಾಗಿ ಉಳಿದ. ಅವನು ಯಾರೆಂದು ಪುಸ್ತಕದಿಂದ ತಿಳಿಯುವಂತಿಲ್ಲ.

ಅದಕ್ಕಿಂತ ಏಳು ಶತಮಾನ ಹಿಂದೆ ನಮ್ಮ ಬೇಲೂರಿನಲ್ಲಿ ಹೀಗಿರಲಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲದ ಶಿಲ್ಪಗಳ ಕೆಳಗೆ ಶಿಲ್ಪಿಗಳು ತಾವೇ ಹೆಸರು ಕೊರೆದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಜೊತೆಗೆ ಬಿರುದುಗಳೂ ಊರುಗಳೂ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ಪುಸ್ತಕ ಬರೆದು ಶಿಲ್ಪಿಗಳ ಕೆಲಸವನ್ನು ಓದುಗರ ಮುಂದಿಟ್ಟರು. ಶಾಸನಗಳು ಹೇಳುವ ಹೆಸರುಗಳು ಹಲವು. ಅಷ್ಟು ಜನರ ದುಡಿಮೆಯನ್ನು ನಾವು ಒಬ್ಬ ಜಕಣಾಚಾರಿಯ ಹೆಸರಿಗೆ ಬರೆದುಬಿಟ್ಟಿದ್ದೇವೆ.

ಆದ್ದರಿಂದ ಅಡಿಟಿಪ್ಪಣಿ ಎಂದರೆ ಅಂಕಕ್ಕಾಗಿ ಪಾಲಿಸುವ ಕಟ್ಟಳೆಯಷ್ಟೇ ಎಂದು ನಮಗೆ ಈಗ ಅನ್ನಿಸುವುದಿಲ್ಲ. ಯಾರಿಂದ ಪಡೆದೆವೋ ಅವರ ಋಣವನ್ನು ಒಪ್ಪಿಕೊಳ್ಳುವ ಜಾಗ ಅದು. ಮುಂದೆ ಬರುವವನು ಅದೇ ದಾರಿಯಲ್ಲಿ ಹೋಗಿ ನಮ್ಮ ಮಾತು ಸರಿಯೇ ಎಂದು ನೋಡಲು ಬಿಟ್ಟ ಗುರುತು ಕೂಡ. ಗುರುತು ಖಚಿತವಾಗಿರಬೇಕು. ಶಾಸನವಾದರೆ ಸಂಪುಟ, ತಾಲ್ಲೂಕು, ಸಂಖ್ಯೆ. ಜೊತೆಗೆ ಯಾವ ಆವೃತ್ತಿ ಎಂಬುದೂ ಬೇಕು, ಏಕೆಂದರೆ ರೈಸರ ಆವೃತ್ತಿಯ ಸಂಖ್ಯೆಗಳು ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇರೆಯಾಗಿವೆ. ನಕ್ಷೆಯಾದರೆ ಅಳೆದವರು ಯಾರು, ಯಾವ ವರ್ಷ. ಫೋಟೋ ಆದರೆ ತೆಗೆದವರು ಯಾರು. ಕಸುಬುದಾರರಿಂದ ಕೇಳಿದ್ದಾದರೆ ಅವರ ಒಪ್ಪಿಗೆ ಪಡೆದು ಹೆಸರು, ಊರು, ದಿನಾಂಕ.

ಅಜ್ಜಿಯ ಮಾತನ್ನು ಹೊಡೆದುಹಾಕಬೇಕೆ? ಬೇಡ ಎಂದೆವು. ಜಕಣಾಚಾರಿಯ ಐತಿಹ್ಯಕ್ಕೂ ಒಂದು ಇತಿಹಾಸವಿದೆ. ಅದನ್ನು ಐತಿಹ್ಯವೆಂದೇ ಬರೆದರಾಯಿತು. ಹುಡುಗಿ ಪ್ರಬಂಧವನ್ನು ತಿದ್ದಿ ಕಳಿಸಿದ್ದಾಳೆ. ಈಗ ಮೇಲಿನ ಸಾಲಿನಲ್ಲಿ ದಾಸೋಜ, ಚಾವಣರಿದ್ದಾರೆ. ಕೆಳಗೆ ಅಡಿಟಿಪ್ಪಣಿಯಲ್ಲಿ ಜಕಣಾಚಾರಿಯ ಕಥೆ, ಅದರ ಮುಂದೆ ಅಜ್ಜಿಯ ಪೂರ್ತಿ ಹೆಸರು, ಊರು, ಕಥೆ ಕೇಳಿದ ವರ್ಷ. ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದಳಂತೆ. "ನನ್ನ ಹೆಸರು ಪುಸ್ತಕದಲ್ಲಿ ಯಾಕೆ ಹಾಕಿದೆಯೇ?" ಎಂದು ಗದರಿದ ಅಜ್ಜಿ, ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರಂತೆ.